ಸಮಸ್ಯಾಪೂರಣ: ಒಲಿಯದೆ ಇದ್ದರೆ ಆರು ವರುಷ ಸೆರೆ!

ಗೆಳೆಯರೇ, ಈ ಸಲದ ಕೊನೆಯ ಸಾಲು ಮೇಲಿದೆ, ಅದಕ್ಕೆ ಹೊಂದುವಂತೆ ಮೊದಲ ಮೂರು ಸಾಲು ನೀವು ಕಟ್ಟಿ. ನಾಲ್ಕು ಮಾತ್ರೆಯ ನಾಲ್ಕು ಗಣ, ಲಕಾರದ ಪ್ರಾಸ. ನನ್ನ ಮನಸ್ಸಿನಲ್ಲಿರುವುದು ಕೋರ್ಟಿನ ಸಂಗತಿ. ನೀವು ಬೇರೆ ದಾರಿ ಹಿಡಿದರೂ ಸರಿ.

ಮೊದಲ ಪೂರಣ

ಒಲಿಯುವುದು ಅಂದ ಕೂಡಲೇ ನನಗೆ ವಿದ್ಯೆ ನೆನಪಾಯಿತು ರಾಯರೇ.

ಕಲಿಯಲು ಬಂದೆನು ವೀಣೆಯ ಪಾಠವ
ಸುಲಭದ ವಿದ್ಯೆಯೆ? ಎಂದರು ಗುರುಗಳು
ನಲಿಯದು ರಾಗವು ಸಾಧನೆ ಇಲ್ಲದೆ
ಒಲಿಯದೆ ಇದ್ದರೆ ಆರು ವರುಷ ಸೆರೆ!

ಎರಡನೇ ಪೂರಣ

ಕೋರ್ಟು, ಆರು ವರುಷ ಅಂದಮೇಲೆ ಗಾಂಧೀಜಿಯೇ ಅಲ್ವಾ?

ಹೊಲದಲಿ ದುಡಿಯುವೆ, ಮಗ್ಗದಿ ನೇಯುವೆ
ಸಲಿಸೆನು ನೇಹವ ಆಳುವ ದೊರೆಗೆನೆ
ತಲೆಯನು ಬಾಗಿದ ಜಡ್ಜನೆ ನುಡಿದನು
ಒಲಿಯದೆ ಇದ್ದರೆ ಆರು ವರುಷ ಸೆರೆ!

ಸಮಸ್ಯೆ ಕೊಟ್ಟವರು

ವೀಣೆಯ ಪದ್ಯದಲ್ಲಿ 'ಒಲಿ' ಹೊಸ ಅರ್ಥ ಪಡೆಯಿತು, ಭೇಷ್. ಎರಡನೆಯದು ನನ್ನ ಮನಸ್ಸಿನಲ್ಲಿದ್ದದ್ದೇ. 1922ರ ಮಾರ್ಚ್ 18, ಅಹಮದಾಬಾದ್. ಜಡ್ಜ್ ಬ್ರೂಮ್‌ಫೀಲ್ಡ್ ಆರೋಪಿಗೆ ತಲೆಬಾಗಿ ವಂದಿಸಿ ಕುರ್ಚಿಯಲ್ಲಿ ಕೂತರು. ಗಾಂಧೀಜಿಯ ಕಸುಬು ರೈತ, ನೇಕಾರ ಎಂದು ದಾಖಲಾಗಿತ್ತು. ಅದನ್ನೂ ನೀವು ಬಿಟ್ಟಿಲ್ಲ! ರಾಜದ್ರೋಹದ ಆಪಾದನೆ ಇದ್ದದ್ದು ಅವರ 'ಯಂಗ್ ಇಂಡಿಯಾ' ಪತ್ರಿಕೆಯ ಮೂರು ಲೇಖನಗಳ ಮೇಲೆ.

ಒಂದು ಅನುಮಾನ

ರಾಜದ್ರೋಹ ಅಂದರೆ ಜನರನ್ನು ದಂಗೆಗೆ ಎಬ್ಬಿಸುವುದು ಅಲ್ವಾ ಸಾರ್? ಅದರಲ್ಲಿ ಒಲವಿನ ಮಾತು ಎಲ್ಲಿಂದ ಬಂತು?

ಸಮಸ್ಯೆ ಕೊಟ್ಟವರು

ಸಾಲು ಹುಟ್ಟಿದ್ದೇ ಅಲ್ಲಿ. 1897ರಲ್ಲಿ ತಿಲಕರ ಮೊಕದ್ದಮೆ ನಡೆದಾಗ ಜಡ್ಜ್ ಸ್ಟ್ರೇಚಿ ಜ್ಯೂರಿಗೆ ರಾಜದ್ರೋಹದ ಕಾನೂನಾದ 124ಎ ಸೆಕ್ಷನ್ನಿನ ಅರ್ಥ ಬಿಡಿಸಿ ಹೇಳಿದರು. ಸರ್ಕಾರದ ಮೇಲೆ ಒಲವು ಇಲ್ಲದಿರುವುದೇ ಅದರಲ್ಲಿನ 'ಡಿಸ್‌ಅಫೆಕ್ಷನ್', ಅಂದರೆ ದುರ್ಭಾವ, ಎಂದರು. ದಂಗೆ ಏಳಬೇಕಾಗಿಲ್ಲ, ಆ ಭಾವವನ್ನು ಜನರಲ್ಲಿ ಹುಟ್ಟಿಸಲು ನೋಡಿದರೂ ಸಾಕು. ಎಂಥ ಅನ್ಯಾಯ ನೋಡಿ! ಹೆದರಿಸಿ ತೆರಿಗೆ ಕೀಳಬಹುದು, ಪ್ರೀತಿ ಕೀಳಲಾದೀತೇ? ಪ್ರೀತಿಯನ್ನು ಕಾನೂನಿನಿಂದ ತಯಾರಿಸಲು ಆಗದು ಎಂದು ಗಾಂಧೀಜಿ ಜಡ್ಜ್ ಎದುರೇ ಹೇಳಿದರು. ಗಾಂಧೀಜಿಗೆ ಆದ ಆರು ವರ್ಷದ ಸೆರೆಯ ಲೆಕ್ಕವೂ ತಿಲಕರದೇ. 1908ರಲ್ಲಿ ಅವರಿಗೆ ಆದ ಶಿಕ್ಷೆಯನ್ನೇ ಬ್ರೂಮ್‌ಫೀಲ್ಡ್ ಅಳತೆಗೆ ಹಿಡಿದರು.

ನೀವು ಹೇಳಿದ 'ಎಬ್ಬಿಸುವ' ಅರ್ಥಕ್ಕೆ ಬಲ ಬಂದದ್ದು 1962ರಲ್ಲಿ, ಕೇದಾರನಾಥ ಸಿಂಗ್ ಪ್ರಕರಣದಲ್ಲಿ. ಸರ್ಕಾರವನ್ನು ಎಷ್ಟೇ ಖಾರವಾಗಿ ಟೀಕಿಸಿದರೂ ರಾಜದ್ರೋಹ ಆಗದು, ಹಿಂಸೆಗೆ ಪ್ರಚೋದನೆಯೋ ಗಲಭೆ ಎಬ್ಬಿಸುವ ಉದ್ದೇಶವೋ ಇರಬೇಕು ಎಂದಿತು ಸುಪ್ರೀಂ ಕೋರ್ಟ್. ಹಾಗಾಗಿ ಪದ್ಯದಲ್ಲಿ ಈ ಎರಡು ಮಾತನ್ನು ಬೆರೆಸಬೇಡಿ. ಗಾಂಧೀಜಿಯ ಮೇಲಿದ್ದದ್ದು ರಾಜದ್ರೋಹದ ಆಪಾದನೆ. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸದೆ ಕಾದಾಡಿದ್ದು ದಂಗೆ.

ಮುಂದಿನ ಸಾಲು ಅವರಿಗಾಗಿ, ಡಕಾರದ ಪ್ರಾಸ:

ಕೊಡುವೆವು ತಲೆಯನು, ಕೊಡೆವಾಯುಧವನು!