ರಿಮೋಟ್ ಕಾರಿನ ನೈಟ್ರೋ ಎಂಜಿನ್ 140 ಡಿಗ್ರಿ ದಾಟ್ತಿದೆ, ರಿಚ್ ಮಾಡಿದ್ರೂ (ಇಂಧನ ಹೆಚ್ಚಿಸಿದ್ರೂ) ಇಳೀತಿಲ್ಲ

ಮಂಡ್ಯ ಬಗ್ಗಿ:
ನಂದು .21 (ಘನ ಇಂಚು) ಎಂಜಿನ್‌ನ 1/8 ಅಳತೆಯ ರಿಮೋಟ್ ಬಗ್ಗಿ ಕಾರು, 20% ನೈಟ್ರೋ (ನೈಟ್ರೋಮೀಥೇನ್) ಇರೋ ಇಂಧನ. ಮಂಡ್ಯದ ಆಚೆ ಕಬ್ಬು ಕಡಿದ ಗದ್ದೆಯಲ್ಲಿ ಓಡಿಸ್ತೀನಿ. ನಾಲ್ಕೈದು ರೌಂಡ್ ಆಗ್ತಿದ್ದಂಗೆ ಟೆಂಪ್ ಗನ್ 140 ಡಿಗ್ರಿ ಸೆಲ್ಸಿಯಸ್ ಮೇಲೆ ತೋರಿಸುತ್ತೆ. ಥ್ರಾಟಲ್ ಬಿಟ್ರೂ ಎಂಜಿನ್ ಕಿರುಚ್ತಾನೇ ಇರುತ್ತೆ, ಐಡಲ್‌ಗೆ ಇಳಿಯೋಕೆ ಹೊತ್ತು ಹಿಡಿಯುತ್ತೆ. ಹೈ ಸ್ಪೀಡ್ ನೀಡಲ್ (ಜೋರಾಗಿ ಓಡುವಾಗ ಹೋಗೋ ಇಂಧನ ಹೊಂದಿಸೋ ತಿರುಪು) ಅರ್ಧ ಸುತ್ತು ಬಿಚ್ಚಿದೆ. ಬಿಸಿ ಸ್ವಲ್ಪ ಇಳೀತು, ಮತ್ತೆ ಏರ್ತು. ಇನ್ನೂ ಬಿಚ್ಚಲಾ?

ಮೈಸೂರು ನೀಡಲ್:
ಬಿಚ್ಚಬೇಡಿ, ಸದ್ಯಕ್ಕೆ ಓಡಿಸಲೂಬೇಡಿ. ಗನ್ ಎಲ್ಲಿಗೆ ಹಿಡೀತೀರಿ? ಹೆಡ್‌ನ ಹೊಳೆಯೋ ಅಲ್ಯೂಮಿನಿಯಂಗೆ ಹಿಡಿದ್ರೆ ನಿಜಕ್ಕಿಂತ ಕಮ್ಮಿ ತೋರಿಸುತ್ತೆ. ಗಾಡಿ ಬಂದ ತಕ್ಷಣ, ಮೇಲಿಂದ ನೇರ ಗ್ಲೋ ಪ್ಲಗ್‌ಗೇ (ಇಂಧನ ಹೊತ್ತಿಸೋ ಪ್ಲಗ್) ಹಿಡೀಬೇಕು.

ಹಾಗೆ ಅಳೆದಾಗ ಹೆಚ್ಚಿನ ಎಂಜಿನ್‌ಗಳು 100ರಿಂದ 125 ಡಿಗ್ರಿಯೊಳಗೆ ಆರಾಮಾಗಿರುತ್ತವೆ. 135 ದಾಟಿದ್ರೆ ನಾನಂತೂ ನಿಲ್ಲಿಸಿಬಿಡ್ತೀನಿ. ಇದಕ್ಕೆ ಬೇರೆ ಎಂಜಿನ್ ಆಯಿಲ್ ಇಲ್ಲ, ಎಣ್ಣೆ ಬರೋದೇ ಇಂಧನದ ಜೊತೆ. ಲೀನ್ ಆದಾಗ (ಗಾಳಿ ಜಾಸ್ತಿ, ಇಂಧನ ಕಮ್ಮಿ) ಬಿಸಿ ಏರೋದೂ ಎಣ್ಣೆ ತಗ್ಗೋದೂ ಒಟ್ಟಿಗೇ ಆಗುತ್ತೆ. ಹಾಗಂತ 80ರಲ್ಲಿ ಓಡಿಸೋದೂ ಒಳ್ಳೇದಲ್ಲ. ಎಬಿಸಿ ಸ್ಲೀವ್ (ಪಿಸ್ಟನ್ ಓಡಾಡೋ ಕ್ರೋಮ್ ಲೇಪದ ಹಿತ್ತಾಳೆ ಕೊಳವೆ) ಮೇಲ್ಗಡೆ ಬಿಗಿ, ಬಿಸಿಗೆ ಹಿಗ್ಗಿದ ಮೇಲೇ ಪಿಸ್ಟನ್‌ಗೆ ಸರಿಯಾಗಿ ಹೊಂದೋದು.

ನಿಮ್ಮ ವಿಷಯದಲ್ಲಿ ಐಡಲ್ ಇಳಿಯದಿರೋದೇ ದೊಡ್ಡ ಸುಳಿವು. ನೀಡಲ್‌ದಷ್ಟೇ ತಪ್ಪಾಗಿದ್ರೆ ಅರ್ಧ ಸುತ್ತಿಗೆ ಹೊಗೆ ದಟ್ಟವಾಗಿ, ಗಾಡಿ ಮಂಕಾಗಬೇಕಿತ್ತು. ಎಲ್ಲೋ ಗಾಳಿ ನುಸುಳ್ತಿದೆ. ಕಾರ್ಬ್ (ಕಾರ್ಬುರೇಟರ್) ಬುಡದ ಓ-ರಿಂಗ್ ಅನ್ನೋ ರಬ್ಬರ್ ಬಳೆ, ಬ್ಯಾಕ್‌ಪ್ಲೇಟ್ (ಎಂಜಿನ್ ಹಿಂದಿನ ಮುಚ್ಚಳ), ಇಂಧನದ ಟ್ಯೂಬ್ ನೋಡಿ. ಟ್ಯಾಂಕ್ ಮುಚ್ಚಳದ ರಬ್ಬರೂ ನೋಡಿ, ಅಲ್ಲಿ ಸೋರಿದ್ರೆ ಪ್ರೆಶರ್ ಹೋಗಿ ಲೀನ್ ಆಗುತ್ತೆ. ಟ್ಯೂಬ್‌ನ ಒಂದು ತುದಿ ಮುಚ್ಚಿ, ನೀರಲ್ಲಿ ಮುಳುಗಿಸಿ, ಸಿರಿಂಜ್‌ನಿಂದ ಗಾಳಿ ತಳ್ಳಿ. ಬಾಯಲ್ಲಿ ಊದಲೇಬೇಡಿ, ಇಂಧನದಲ್ಲಿರೋ ಮೆಥನಾಲ್ ವಿಷ.

ಮಂಡ್ಯ ಬಗ್ಗಿ:
ಟ್ಯೂಬ್‌ನಲ್ಲಿ ಗುಳ್ಳೆ ಬರಲಿಲ್ಲ. ಕಾರ್ಬ್ ಕಿತ್ತು ನೋಡಿದ್ರೆ ಓ-ರಿಂಗ್ ಚಪ್ಪಟೆಯಾಗಿ ಒಂದು ಕಡೆ ಸೀಳಿತ್ತು. ಅದೇ ಜಾಗದಲ್ಲಿ ಎಣ್ಣೆಗೆ ಮಣ್ಣು ಅಂಟಿ ಕರೀ ಪಟ್ಟಿ ಕಟ್ಟಿದೆ. ಹೊಸದು ಹಾಕಿದೆ. ನೀಡಲ್ ಎಲ್ಲಿಡ್ಲಿ?

ಮೈಸೂರು ನೀಡಲ್:
ಆ ಸೀಳಿನಿಂದ ಧೂಳೂ ಒಳಗೆ ಹೋಗಿರುತ್ತೆ, ಅದೇ ನಂಗೆ ಬೇಜಾರು. ಪ್ಲಗ್ ತೆಗೆದು ಫ್ಲೈವೀಲ್ ಕೈಯಲ್ಲಿ ತಿರುಗಿಸಿ. ಕರಕರ ಅಂದ್ರೆ ಬೇರಿಂಗ್ ನೋಡದೆ ಸ್ಟಾರ್ಟ್ ಮಾಡಬೇಡಿ.

ಸರಾಗವಾಗಿದ್ರೆ ಎರಡೂ ನೀಡಲ್ (ಹೈ ಸ್ಪೀಡ್, ಐಡಲ್‌ಗಿರೋ ಲೋ ಸ್ಪೀಡ್) ಕಂಪನಿ ಹೇಳಿದ ಜಾಗಕ್ಕೆ ತನ್ನಿ. ಎಂಜಿನ್ ಬಿಸಿಯಾದ ಮೇಲೆ ಹೈ ಸ್ಪೀಡ್ ನೀಡಲ್ 1/8 ಸುತ್ತು ಬಿಗಿ ಮಾಡಿ, ಎರಡು ರೌಂಡ್ ಓಡಿಸಿ, ಮತ್ತೆ ನೋಡಿ. ಫುಲ್ ಥ್ರಾಟಲ್‌ನಲ್ಲಿ ಹೊಗೆಯ ಗೆರೆ ಕಾಣ್ತಾನೇ ಇರಬೇಕು. ಆಮೇಲೆ ಐಡಲ್‌ನಲ್ಲಿ ಟ್ಯೂಬ್ ಹಿಸುಕಿ: ಎರಡು-ಮೂರು ಸೆಕೆಂಡಲ್ಲಿ ಸ್ವಲ್ಪ ವೇಗ ಏರಿ ಎಂಜಿನ್ ಆಫ್ ಆದ್ರೆ ಲೋ ಸ್ಪೀಡ್ ಸರಿ. ತಕ್ಷಣ ಸತ್ರೆ ಲೀನ್, ಎಳೀತಾ ಹೋದ್ರೆ ರಿಚ್. ಗನ್ ಕೊನೆಗೆ. ಹೊಗೆ ಇಲ್ಲದಿದ್ರೆ ಗನ್ 110 ತೋರಿಸಿದ್ರೂ ನಂಬಬೇಡಿ.

ಮಧ್ಯಾಹ್ನದ ಸೆಟ್ಟಿಂಗ್‌ನಲ್ಲಿ ಬೆಳಗ್ಗೆ ಓಡಿಸಬೇಡಿ. ತಂಪು ಗಾಳಿ ದಟ್ಟ, ಅದೇ ನೀಡಲ್ ಆಗ ಲೀನ್ ಆಗುತ್ತೆ.

ಮಂಡ್ಯ ಬಗ್ಗಿ:
ಫ್ಲೈವೀಲ್ ಸರಾಗ ತಿರುಗ್ತು. ಈಗ 118ರಲ್ಲಿ ನಿಂತಿದೆ, ಹೊಗೆ ಚೆನ್ನಾಗಿದೆ, ಥ್ರಾಟಲ್ ಬಿಟ್ಟ ತಕ್ಷಣ ಐಡಲ್‌ಗೆ ಬರುತ್ತೆ. ತುಂಬಾ ಥ್ಯಾಂಕ್ಸ್ ಸರ್.