ಪದಚರ್ಚೆ: ರೈಫಲ್ ‘ಗುರಿ ತಪ್ಪುತ್ತದೆ’ ಅಂದರೆ ಯಾವ ತಪ್ಪು?

ಬೆಳಗಾವಿಯಲ್ಲಿ ಏರ್ ರೈಫಲ್ ಕಲಿಯುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಸ್ಪ್ರಿಂಗ್ ರೈಫಲ್ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ ಮೇಲೆ ‘ಗುರಿ ತಪ್ಪುತ್ತಿದೆ’ ಅನ್ನುವ ದೂರು ಜಾಸ್ತಿ. ಅದಕ್ಕೆ ಪರಿಹಾರ ಬರೆಯಲು ಕೂತರೆ ಪದ ಸಾಲುತ್ತಿಲ್ಲ.

ಯಾಕಂದರೆ ಈ ತಪ್ಪಿನಲ್ಲಿ ಎರಡು ಬಗೆ. 10 ಮೀಟರ್ ದೂರದ ಗುರಿ ಕಾರ್ಡಿಗೆ ಐದು ಗುಂಡು ಹೊಡೆದಿರಿ ಅನ್ನಿ. ಐದೂ ಒಂದರ ಮೇಲೊಂದು ಬಿದ್ದು ಒಂದೇ ತೂತಾಗಿದೆ, ಆದರೆ ಆ ತೂತು ಎಡಕ್ಕೆ, ಕೆಳಗಡೆ ಇದೆ. ಇದಕ್ಕೆ ಸೈಟ್, ಅಂದರೆ ರೈಫಲ್ ಮೇಲಿನ ಗುರಿ ನೋಡುವ ಸಾಧನ, ತಿರುಗಿಸಿದರೆ ಸಾಕು. ಇನ್ನೊಂದು ಕಾರ್ಡಿನಲ್ಲಿ ಐದು ಗುಂಡು ಐದು ದಿಕ್ಕಿಗೆ. ಇಲ್ಲಿ ಸೈಟ್ ಎಷ್ಟು ತಿರುಗಿಸಿದರೂ ಅಷ್ಟೇ. ರೈಫಲ್ಲಿನ ಮರದ ದಸ್ತಾದ (ಹಿಡಿಯ) ಸ್ಕ್ರೂ ಸಡಿಲಾಗಿರಬಹುದು. ಸೈಟೇ ಅಲುಗಾಡುತ್ತಿರಬಹುದು. ಸೀಸದ ಗುಂಡಿನ ಹಿಂಬದಿಯ ತೆಳು ಅಂಚು ನೆಗ್ಗಿರಬಹುದು. ರೈಫಲ್ ಸರಿಯಿದ್ದು, ಕುದುರೆ (ಟ್ರಿಗರ್) ಎಳೆಯುವಾಗ ಕೈ ಸೆಳೆದಿರಬಹುದು. 4.5 ಮಿಲಿಮೀಟರ್ ಗುಂಡು, ಕಾರ್ಡಿನ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಕೂದಲೆಳೆಯಷ್ಟು ಅಲುಗಿದರೂ ಕಾರ್ಡಿನ ಮೇಲೆ ಕಾಣುತ್ತದೆ.

ಎರಡನ್ನೂ ‘ನಿಖರತೆ ಇಲ್ಲ’ ಅಂದುಬಿಟ್ಟರೆ ಮಗು ಸುಮ್ನೆ ಸೈಟ್ ತಿರುಗಿಸುತ್ತಾ ಕೂರುತ್ತದೆ, ಅಲ್ವಾ? ಗುಂಡು ಪ್ರತಿ ಸಲ ಒಂದೇ ಕಡೆ ಬೀಳುವುದಕ್ಕೆ ‘ನಿಷ್ಕೃಷ್ಟತೆ’ ಎಂಬ ಪದ ಇದೆ, ಗೊತ್ತು. ಆರನೇ ಕ್ಲಾಸಿನ ಹುಡುಗಿಗೆ ಅದು ದಕ್ಕುವುದಿಲ್ಲ.

ನನಗೆ ಹೊಳೆದದ್ದು ‘ಓರೆ’ ಮತ್ತು ‘ಚದುರು’. ‘ರೈಫಲ್ ಓರೆ ಹೊಡೆಯುತ್ತಿದೆ’ ಅಂದರೆ ಮೊದಲನೆಯದು, ‘ಗುಂಡು ಚದುರುತ್ತಿವೆ’ ಅಂದರೆ ಎರಡನೆಯದು. ಎರಡನೆಯದರ ಬಗ್ಗೆ ನನಗೆ ಅನುಮಾನವಿಲ್ಲ. ‘ಓರೆ’ ಬಗ್ಗೆ ಇದೆ. ನಳಿಗೆಯೇ ಸೊಟ್ಟಗಿದೆ ಅಂತ ಓದುಗರು ತಿಳಿದರೆ? ‘ಪಕ್ಕಕ್ಕೆ ಬೀಳುತ್ತಿದೆ’ ಅನ್ನೋಣ ಅಂದರೆ ಮೇಲೆ ಕೆಳಗೆ ಬಿದ್ದದ್ದು ಅದರಲ್ಲಿ ಸೇರುವುದಿಲ್ಲ.

ಇಲ್ಲಿನ ಮರಾಠಿ ಮಾತಾಡುವ ಮಕ್ಕಳು ಗುರಿ ಹಿಡಿಯುವುದಕ್ಕೆ ‘ನೇಮ’ ಅನ್ನುತ್ತಾರೆ. ಒಳ್ಳೆಯ ಪದವೇ. ಆದರೆ ಕನ್ನಡದಲ್ಲಿ ನೇಮ ಅಂದರೆ ವ್ರತ, ಕಟ್ಟುಪಾಡು. ಹಾಗಾಗಿ ಅದನ್ನು ಬಿಟ್ಟೆ.

ಇನ್ನೊಂದು ತೊಡಕು. ಒತ್ತೊತ್ತಾಗಿ ಬಿದ್ದ ಆ ಐದು ತೂತಿನ ಕೂಟಕ್ಕೆ ಏನನ್ನೋಣ? ‘ಗುಂಪು’ ಅಂದರೆ ಜನ ಕಣ್ಮುಂದೆ ಬರುತ್ತಾರೆ. ‘ಗೊಂಚಲು’ ನನಗೆ ಇಷ್ಟ. ‘ಗೊಂಚಲು ಬಿಗಿಯಾಗಿದೆ’, ‘ಗೊಂಚಲು ಬಿಚ್ಚಿಕೊಂಡಿದೆ’ ಅಂತ ಸಲೀಸಾಗಿ ಹೇಳಬಹುದು. ಬಾಗಲಕೋಟೆ, ವಿಜಯಪುರದ ಕಡೆ ಬೇಟೆಯ ಮಾತು ಬಲ್ಲ ಹಿರಿಯರು, ಇಲ್ಲವೇ ಪೊಲೀಸ್, ಸೇನೆಯಲ್ಲಿ ಇದ್ದವರು ಇದಕ್ಕೆ ಬೇರೆ ಮಾತು ಬಳಸುತ್ತಾರಾ? ಕೇಳಿದವರಿದ್ದರೆ ಇಡೀ ವಾಕ್ಯವನ್ನೇ ಬರೆದು ಕಳಿಸಿ.