ಹಾಟ್ ಟಬ್ ನೀರಲ್ಲಿ ತೇಲೋ ಬಿಳಿ ಚೂರು: ಬೂಸ್ಟಾ, ಪಾಚಿಯಾ, ಲೋಳೆಯಾ?

ಬಳಗದ ಎಲ್ಲರಿಗೂ ನಮಸ್ಕಾರ.

ಮೂಡಿಗೆರೆ ಕಡೆ ನಮ್ಮ ಚಿಕ್ಕಪ್ಪ ಹೋಂಸ್ಟೇ ನಡೆಸುತ್ತಾರೆ. ಅಲ್ಲಿನ ಹಾಟ್ ಟಬ್ (ಬಿಸಿನೀರಲ್ಲಿ ಕೂರುವ ತೊಟ್ಟಿ) ನೋಡಿಕೊಳ್ಳುವ ಹುಡುಗರಿಗೆ ಕನ್ನಡದಲ್ಲಿ ಒಂದು ಬೋರ್ಡು ಬರೆದುಕೊಡು ಅಂದಿದ್ದಾರೆ. ಬಹುಪಾಲು ಬರೆದಾಯ್ತು, ಎರಡು ಪದ ಮಾತ್ರ ಕೈಗೆ ಸಿಗುತ್ತಿಲ್ಲ.

ಟಬ್ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯಲ್ಲಿ ‘ವೈಟ್ ವಾಟರ್ ಮೋಲ್ಡ್’ ಅಂತ ಇದೆ. ಜೆಟ್ (ಪೈಪಿನಿಂದ ನೀರು ಚಿಮ್ಮಿಸುವ ಬಾಯಿ) ಹಾಕಿದ ಕೂಡಲೇ ನೀರಲ್ಲಿ ತೇಲಿಬರುತ್ತೆ. ನೆನೆದ ಟಿಶ್ಯೂ ಕಾಗದದ ಚೂರಿನ ಹಾಗೆ ಬೆಳ್ಳಗಿರುತ್ತೆ. ಹಿಡಿಯೋಕೆ ಹೋದರೆ ಬೆರಳ ಸಂದಿಯಲ್ಲಿ ಜಾರಿಹೋಗುತ್ತೆ. ನಿಘಂಟಿನಲ್ಲಿ ಮೋಲ್ಡ್ ಅಂದರೆ ಬೂಸ್ಟು, ಶಿಲೀಂಧ್ರ.

ಬೂಸ್ಟು ಅಂದರೇನು ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಜುಲೈ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಉಪ್ಪಿನಕಾಯಿ, ಕಪಾಟಿನ ರೇಷ್ಮೆ ಸೀರೆ, ಯಾವುದನ್ನೂ ಬಿಡಲ್ಲ. ಟಬ್ಬಿನ ಮುಚ್ಚಳದ ಒಳಮೈಗೆ ಕಪ್ಪು ಚುಕ್ಕೆಯಾಗಿ ಹಿಡಿಯುವುದೂ ಅದೇ. ಅಲ್ಲಿಗೆ ಬೂಸ್ಟು ಸರಿಯಾದ ಪದ. ಒರೆಸಿ, ಮುಚ್ಚಳ ತೆರೆದಿಟ್ಟು ಒಣಗಿಸಿದರೆ ಹೋಗುತ್ತೆ. (ಆಷಾಢದಲ್ಲಿ ಬಿಸಿಲು ಎಲ್ಲಿಂದ ತರೋದು ಅಂತ ಕೇಳಬೇಡಿ.) ನೀರಲ್ಲಿ ತೇಲುವುದು ಬೇರೆ. ಅದು ಪೈಪಿನ ಒಳಗೆ ಅಂಟಿ ಬೆಳೆದ ಪದರದಿಂದ ಕಿತ್ತುಬಂದ ಚೂರು. ಬ್ಯಾಕ್ಟೀರಿಯಾ, ಕೆಲವು ಸಲ ಶಿಲೀಂಧ್ರವೂ ಸೇರಿ, ತಾವೇ ಮಾಡಿಕೊಂಡ ಅಂಟಿನಲ್ಲಿ ಹುದುಗಿ ಕೂತಿರುತ್ತವೆ. ನಮ್ಮ ಮೈಯ ಎಣ್ಣೆ, ಬೆವರು, ಕ್ರೀಮೇ ಅವಕ್ಕೆ ಊಟ. ನೀರು ಬಿಸಿಯಿದ್ದಷ್ಟೂ ಕ್ಲೋರಿನ್ ಬೇಗ ಖಾಲಿಯಾಗುತ್ತೆ. ಉಳಿದದ್ದು ಆ ಅಂಟನ್ನು ದಾಟಿ ಒಳಗೆ ಹೋಗೋದೇ ಕಷ್ಟ.

ಹುಡುಗರು ಇದನ್ನು ಪಾಚಿ ಅಂತಾರೆ. ತಕರಾರು ಇರೋದು ಇಲ್ಲೇ. ಪಾಚಿಗೆ ಬೆಳಕು ಬೇಕು, ಕತ್ತಲ ಪೈಪಿನಲ್ಲಿ ಬೆಳೆಯಲ್ಲ. ಪಾಚಿ ಅಂದ ಕೂಡಲೇ ಅವರು ಬ್ರಷ್ ಹಿಡಿದು ಟಬ್ಬಿನ ಗೋಡೆ ತಿಕ್ಕುತ್ತಾರೆ, ಪೈಪು ಹಾಗೇ ಉಳಿಯುತ್ತೆ, ನಾಲ್ಕು ದಿನಕ್ಕೆ ಚೂರು ಮತ್ತೆ ಹಾಜರ್. ಹಾವಸೆ ಅನ್ನೋಣ ಅಂದರೆ ಅದೂ ಕೆರೆಯ ಹಸಿರನ್ನೇ ಕಣ್ಣಿಗೆ ತರುತ್ತೆ.

ಹೆಸರಿಗೆ ಇಷ್ಟು ಹಟ ಯಾಕೆ ಅಂತ ಯಾರಾದರೂ ಕೇಳಬಹುದು. ನಮ್ಮ ಕೊಳೆರೋಗವನ್ನೇ ನೋಡಿ. ಕಾಫಿಯ ಕೊಳೆರೋಗ ಶಿಲೀಂಧ್ರದಿಂದ ಬರುತ್ತೆ. ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿ ಈಗಿನ ಲೆಕ್ಕದಲ್ಲಿ ಶಿಲೀಂಧ್ರವೇ ಅಲ್ಲ. ಆದರೂ ಜನ ಎರಡಕ್ಕೂ ಒಂದೇ ಹೆಸರಿಟ್ಟರು, ಎರಡಕ್ಕೂ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದರು, ಕೆಲಸ ನಡೆಯಿತು. ಆ ಪದ 1876ರಲ್ಲೇ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಅಂತ ಕಾಫಿ ರೋಗಾಣುವಿನ ಲ್ಯಾಟಿನ್ ಹೆಸರಿಗೂ ಸೇರಿಕೊಂಡಿತು. ಅಲ್ಲಿ ಮದ್ದು ಒಂದೇ, ಹಾಗಾಗಿ ಹೆಸರೂ ಒಂದೇ ಇದ್ದರೆ ನಷ್ಟವಿಲ್ಲ. ಟಬ್ಬಿನಲ್ಲಿ ಹಾಗಲ್ಲ, ಹೆಸರು ತಪ್ಪಿದರೆ ಕೈ ಬೇರೆ ಕಡೆ ಹೋಗುತ್ತೆ.

ಅದಕ್ಕೇ ನನ್ನ ಓಟು ‘ಪೈಪಿನ ಲೋಳೆ’ಗೆ. ಬಚ್ಚಲ ಲೋಳೆ ಎಲ್ಲರಿಗೂ ಗೊತ್ತು. ಒಂದೇ ಅಳುಕು, ಲೋಳೆ ಅಂದರೆ ಬೆಂಡೆಕಾಯಿ, ಲೋಳೆಸರದ ನೆನಪಾಗಿ ಸಾಧು ವಸ್ತು ಅನ್ನಿಸಿಬಿಡುತ್ತೆ. ಇದು ಸಾಧುವಲ್ಲ. ಇದರಲ್ಲಿ ಸೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಂಡರೆ ಮೈಮೇಲೆ ತುರಿಕೆಯ ಗುಳ್ಳೆ ಏಳುತ್ತೆ. ಲೀಜಿಯೊನೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಇದ್ದರೆ ಜೆಟ್ಟಿನ ತುಂತುರು ಉಸಿರಿನ ಜೊತೆ ಒಳಹೋಗಿ ನ್ಯುಮೋನಿಯಾ ತರಬಹುದು.

ಎರಡನೆಯ ಪದ ‘ಶಾಕ್’, ಅಂದರೆ ನೀರಿಗೆ ಒಮ್ಮೆಲೇ ಹೆಚ್ಚು ಕ್ಲೋರಿನ್ ಹಾಕೋದು. ‘ನೀರಿಗೆ ಶಾಕ್ ಕೊಡಿ’ ಅಂತ ಓದಿ ಹೇಳಿದ್ದಕ್ಕೆ ಒಬ್ಬ ಹುಡುಗ ಮೊದಲು ನೋಡಿದ್ದು ಕರೆಂಟಿನ ಸ್ವಿಚ್ಚನ್ನು. ನಗಬೇಡಿ, ಟಬ್ಬಿಗೆ ಹೀಟರ್ ಇದೆ, ಅವನ ಭಯ ನ್ಯಾಯವೇ. ಪಂಚಾಯ್ತಿಯವರು ಬಾವಿಗೆ ‘ಬ್ಲೀಚಿಂಗ್ ಹಾಕೋದು’ ಅಂತಾರಲ್ಲ, ಅದನ್ನೇ ಬರೆದರೆ ಸೀದಾ ಬ್ಲೀಚಿಂಗ್ ಪೌಡರನ್ನೇ ತಂದು ಸುರಿದುಬಿಡ್ತಾರೆ. ಸದ್ಯಕ್ಕೆ ‘ಜೋರು ಕ್ಲೋರಿನ್’ ಅಂತ ಬರೆದಿದ್ದೇನೆ. ಕರಡು ಹೀಗಿದೆ, ತಿದ್ದಿಕೊಡಿ:

“ನೀರಲ್ಲಿ ಬಿಳಿ ಚೂರು ಕಂಡರೆ ಅದು ಪೈಪಿನ ಲೋಳೆ. ಯಾರನ್ನೂ ಟಬ್ಬಿಗೆ ಇಳಿಸಬೇಡಿ. ಪೈಪ್ ತೊಳೆಯುವ ಮದ್ದು ಹಾಕಿ ಎಲ್ಲ ಜೆಟ್ ಓಡಿಸಿ. ನೀರು ಪೂರ್ತಿ ಬಿಡಿ, ಟಬ್ ತಿಕ್ಕಿ ತೊಳೆಯಿರಿ, ಫಿಲ್ಟರ್ ತೊಳೆಯಿರಿ ಇಲ್ಲವೇ ಬದಲಾಯಿಸಿ. ಹೊಸ ನೀರು ತುಂಬಿ ಜೋರು ಕ್ಲೋರಿನ್ ಕೊಟ್ಟು ಮತ್ತೆ ಜೆಟ್ ಓಡಿಸಿ. ಕ್ಲೋರಿನ್ ಮಾಮೂಲಿ ಮಟ್ಟಕ್ಕೆ ಇಳಿದ ಮೇಲೆ ಮಾತ್ರ ಬಳಸಬಹುದು. ದಿನಾ ನೀರು ಪರೀಕ್ಷೆಯ ಪಟ್ಟಿ ಅದ್ದಿ ನೋಡಿ: ಕ್ಲೋರಿನ್ 3 ಪಿಪಿಎಂಗಿಂತ ಕಡಿಮೆ ಇರಬಾರದು, ಪಿಎಚ್ 7.0ರಿಂದ 7.8ರ ಒಳಗಿರಲಿ. ಬಿಸಿ 40 ಡಿಗ್ರಿ ದಾಟಬಾರದು. ಕ್ಲೋರಿನ್ ಜೊತೆ ವಿನೆಗರ್, ಆಸಿಡ್ ಯಾವುದನ್ನೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತೆ.”

ಲೋಳೆಗಿಂತ ಒಳ್ಳೆಯ ಪದ ಇದ್ದರೆ ತಿಳಿಸಿ. ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯವರು ನೀರಿನ ಟ್ಯಾಂಕಿನ ಒಳಗೆ, ಪೈಪಿನ ಒಳಗೆ ಕಟ್ಟುವ ಜಾರು ಪದರಕ್ಕೆ ಮನೆಯಲ್ಲಿ ಏನಂತೀರಿ? ಆ ತೇಲುವ ಚೂರಿಗೆ ‘ಚಕ್ಕೆ’ ಅಂದರೆ ಗಟ್ಟಿ ಅನ್ನಿಸುತ್ತೆ, ‘ಪೊರೆ’ ಅಂದರೆ ಹಾವಿನ ನೆನಪು. ಇದಕ್ಕೂ ಒಂದು ಪದ ಹೇಳಿದರೆ ಬೋರ್ಡು ಬರೆಯೋಕೆ ಕೊಟ್ಟುಬಿಡ್ತೀನಿ.